ಹೊಸಿಲು ದಾಟದ ಮೆಕ್ಯಾನಿಕ್

ಬೇಡ ಅಂದದ್ದು ಇವರೇನಾ? ಅಥವಾ ಯಾರೂ ಏನೂ ಹೇಳದೆ ಇದ್ದುದನ್ನೇ ನಾವು ‘ಬೇಡ’ ಅಂದುಕೊಂಡೆವಾ? ಈಗ ತಿಳಿದು ಆಗಬೇಕಾದದ್ದಾದರೂ ಏನು... ವಾಪಸ್ ಹೋಗಿಬಿಡಲೇ?

ಯಶೋಧರಾ ಹೋಗಲಿಲ್ಲ. ಹಳೆಯ ಟವೆಲಿನಲ್ಲಿ ಸುತ್ತಿದ ಕಾರ್ಬೋರೇಟರನ್ನು ಹಿಡಿದುಕೊಂಡು ಶಿಕಾರಿಪುರದ ಆ ಗ್ಯಾರೇಜಿನ ಬಾಗಿಲಲ್ಲಿ ನಿಂತೇ ಇದ್ದಳು.

ಎರಡು ವರ್ಷದ ಹಿಂದೆ ಈ ಗ್ಯಾರೇಜಿನ ಮಹಾಂತೇಶ್ ಅವಳನ್ನು ನೋಡಲು ಅವಳ ಊರು ಜಡೆಗೆ ಬಂದಿದ್ದ. ಉಪ್ಪಿಟ್ಟು ತಿಂದ. ಅಪ್ಪನ ಹಳೆಯ ಪೆಟ್ರೋಲ್ ಜೀಪಿನ ಸುತ್ತ ಬಹಳ ಹೊತ್ತು ಓಡಾಡಿದ. ಅವಳ ಮುಖವನ್ನು ಒಂದೇ ಸಲ ನೋಡಿದ, ಹೋದ. ಅದೇ ವಾರ ಅಪ್ಪ ಉಚ್ಚಂಗಪ್ಪ ತೀರಿಕೊಂಡರು. ಆಮೇಲೆ ಗಂಡಿನ ಕಡೆಯಿಂದ ಮಾತೇ ಬರಲಿಲ್ಲ.

“ಸಾವಾದ ಮನೆ ಹೆಣ್ಣು ಯಾಕೆ ಅಂತ ಬಿಟ್ಟಿರ್ತಾರೆ” ಎಂದರು ಊರಿನವರು. ಅವಳೂ ಹಾಗೇ ತಿಳಿದುಕೊಂಡಳು. ಅಂದಿನಿಂದ ಅವಳೊಳಗೆ ಯಾವುದೂ ಅಲುಗಾಡಿರಲಿಲ್ಲ.

ಮಹಾಂತೇಶ್ ತಲೆಯೆತ್ತಿದ. ತಿರುಗಿಸುತ್ತಿದ್ದ ಸ್ಪ್ಯಾನರ್ ಹಾಗೇ ನಿಂತಿತು.

“ನೀವು...”

“ಹಳೇ ಪೆಟ್ರೋಲ್ ಜೀಪು ಮುಟ್ಟೋರು ಈ ಕಡೆ ನೀವೊಬ್ರೇ ಅಂತೆ. ಚಿಕ್ಕಪ್ಪ ಗುಜರಿಗೆ ಹಾಕ್ತೀನಿ ಅಂತ ಕೂತಿದಾರೆ. ಅದಕ್ಕೂ ಮುಂಚೆ ಒಂದ್ಸಲ ಸ್ಟಾರ್ಟ್ ಆಗ್ಲಿ ಅಂತ.”

ಅವನು ಟವೆಲ್ ಬಿಚ್ಚಿದ. “ಇದನ್ನ ಜೀಪಿಂದ ಕಳಚಿದ್ದು ಯಾರ್ರೀ?”

“ನಾನೇ.”

“ಒಂದು ನಟ್ಟೂ ಕಳೀಲಿಲ್ವಾ?”

“ಕಳೆದಿದ್ರೆ ಬೈತಿದ್ರೇನೋ.”

“ಬೈಯೋಕೆ ನಾನ್ಯಾರು?” ಎಂದ. ನಕ್ಕನೋ ಇಲ್ಲವೋ ತಿಳಿಯಲಿಲ್ಲ.

ಎದೆ ಹೊಡೆದುಕೊಳ್ಳುತ್ತದೇನೋ ಎಂದು ಅವಳು ಕಾದಳು. ಹೊಡೆದುಕೊಳ್ಳಲಿಲ್ಲ. ಸ್ಟೂಲಿನ ಮೇಲೆ ಕೂತು ಅವನ ಬೆರಳುಗಳನ್ನು ನೋಡಿದಳು, ಅಷ್ಟೇ.

ಒಳಗೆಲ್ಲ ಒಣಗಿದ ಪೆಟ್ರೋಲು ಹಲಸಿನ ಅಂಟಿನಂತೆ ಹಿಡಿದಿತ್ತು. ಅವನು ಒಂದೊಂದೇ ಭಾಗ ಬಿಚ್ಚಿ ತಟ್ಟೆಯಲ್ಲಿ ನೆನೆಹಾಕಿದ. ಪೆಟ್ರೋಲು ಹಾಯುವ ಸಣ್ಣ ಜೆಟ್ಟುಗಳಿಗೆ ಗಾಳಿ ಹೊಡೆದು, ಬೆಳಕಿಗೆ ಹಿಡಿದು ನೋಡಿದ. ಕೊನೆಗೆ ಹಿತ್ತಾಳೆಯ ಫ್ಲೋಟನ್ನು ಎತ್ತಿ ಅವಳ ಕಿವಿಯ ಹತ್ತಿರ ಅಲ್ಲಾಡಿಸಿದ.

“ಕೇಳ್ತಾ?”

ಒಳಗೆ ಏನೋ ತುಳುಕುತ್ತಿತ್ತು.

“ಇದು ಪೆಟ್ರೋಲಿನ ಮೇಲೆ ತೇಲ್ಬೇಕು. ಆದ್ರೆ ಪೆಟ್ರೋಲು ಇದರೊಳಗೇ ಸೇರ್ಕೊಂಡಿದೆ.”

ಬಿಸಿನೀರಿನಲ್ಲಿ ಮುಳುಗಿಸಿ ಹಿಡಿದಾಗ ಬೆಸುಗೆಯ ಅಂಚಿನಿಂದ ಗುಳ್ಳೆಗಳು ಸಾಲಾಗಿ ಎದ್ದವು.

“ಇಷ್ಟು ಸಣ್ಣ ತೂತಾ?”

“ಹೂಂ. ಕಣ್ಣಿಗೆ ಕಾಣಲ್ಲ. ಒಳಗಿಂದು ಖಾಲಿ ಮಾಡಿ ಬೆಸೀತೀನಿ. ಭಾನುವಾರ ನಾನೇ ಬಂದು ಕೂರಿಸ್ತೀನಿ.”

ಭಾನುವಾರ ಅವನು ಜಡೆಗೆ ಬಂದಾಗ ಜೀಪಿನ ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಚಿಕ್ಕಪ್ಪ ಭೀಮಣ್ಣ ಕಟ್ಟೆಯ ಮೇಲಿಂದಲೇ ಕೂಗಿದರು, “ಅಲ್ಲ ಕಣಪ್ಪಾ, ಈ ಜೀಪು ಈಗ ಕೋಳಿಮರಿನಾದ್ರೂ ಕೊಡ್ತಿತ್ತು. ರಿಪೇರಿ ಮಾಡಿ ಅದನ್ನೂ ತಪ್ಪಿಸ್ತೀಯಾ?”

“ಕೋಳಿನ ಕೇಳಿ ಶುರು ಮಾಡ್ತೀನಿ ಬಿಡಿ” ಎಂದ ಮಹಾಂತೇಶ್.

ಅಮ್ಮ ಹುಲಿಗೆಮ್ಮ ಬಾಗಿಲಿಗೆ ಬಂದರು. “ಒಳಗೆ ಬಾರಪ್ಪ, ಕಾಫಿ ಕುಡಿದು ಕೆಲಸ ಮಾಡುವಂತೆ.”

“ಇಲ್ಲೇ ಕೊಡಿ ಅಮ್ಮಾ. ಕೈ ಗಲೀಜು.”

ಇನ್ನೂ ಬಾನೆಟ್ಟೇ ತೆಗೆದಿರಲಿಲ್ಲ. ಅವನ ಕೈ ಶುಭ್ರವಾಗಿತ್ತು.

ಯಶೋಧರಾ ನೋಡಿದಳು. ಹಾಗಾದರೆ ಊರಿನವರು ಅಂದದ್ದು ನಿಜ... ಸಿಟ್ಟು ಬರಬೇಕಿತ್ತು. ಅದೂ ಬರಲಿಲ್ಲ.

ಅವನು ಹೊಸ ಗ್ಯಾಸ್ಕೆಟ್ ಇಟ್ಟು ಕಾರ್ಬೋರೇಟರ್ ಕೂರಿಸಿದ, ತಂದಿದ್ದ ಬ್ಯಾಟರಿ ಜೋಡಿಸಿ ಹೊಸ ಪೆಟ್ರೋಲು ಹಾಕಿದ. ಕೋಳಿಯನ್ನು ಮೊಟ್ಟೆ ಸಮೇತ ಬುಟ್ಟಿಗೆ ಸಾಗಿಸಿದ್ದಾಯಿತು. ಅವಳು ಅಪ್ಪನ ಸೀಟಿನಲ್ಲಿ ಕೂತಳು. ಮೊದಲ ಸಲ ಜೀಪು ಬರೀ ಕೆಮ್ಮಿತು. ಅವನು ಕಾರ್ಬೋರೇಟರಿನ ಬಾಯಿಗೆ ಅಂಗೈ ಮುಚ್ಚಿ, “ಈಗ ಹೊಡೀರಿ” ಎಂದ.

ಕಪ್ಪು ಹೊಗೆ ಉಗುಳಿ ಜೀಪು ಎದ್ದಿತು.

ಅವನು ಸ್ಕ್ರೂವನ್ನು ಕೂದಲೆಳೆಯಷ್ಟು ಒಳಗೆ, ಹೊರಗೆ ತಿರುಗಿಸುತ್ತಾ ಸದ್ದು ಒಂದು ಸಮ ಆಗುವವರೆಗೆ ಕಿವಿಗೊಟ್ಟು ನಿಂತ. ಹುಲಿಗೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಭೀಮಣ್ಣನವರು ಪಕ್ಕದ ಮನೆಯವರನ್ನು ಕರೆತರಲು ಹೋದರು.

ಯಶೋಧರಾ ಜೀಪು ಆಫ್ ಮಾಡಿದಳು.

“ನಮ್ಮನೆ ಒಳಗೆ ಬಂದ್ರೆ ಏನಾಗುತ್ತೆ ನಿಮಗೆ?”

“ಹಂಗಲ್ಲ...”

“ಸಾವಾದ ಮನೆ ಅಂತ ಅವತ್ತು ಮಾತು ಕಳಿಸ್ಲಿಲ್ಲ. ಸರಿ. ಇವತ್ತೂ ಹೊಸಿಲು ತುಳೀಬಾರದಾ?”

ಅವನು ಸ್ಕ್ರೂಡ್ರೈವರನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದ.

“ಆ ಹೊಸಿಲು ನಾನು ತುಳಿದ ವಾರಕ್ಕೇ ನಿಮ್ಮಪ್ಪಾರು ಹೋದ್ರಲ್ರೀ. ನನ್ನ ಕಾಲ್ಗುಣ ಅಂತ ನೀವೆಲ್ಲ ಅಂದ್ಕೊಂಡಿರ್ತೀರಿ... ಯಾವ ಮುಖ ಇಟ್ಕೊಂಡು ಮಾತು ಕಳಿಸ್ಲಿ?”

“ಹಂಗಂತ ಯಾರು ಹೇಳಿದ್ರು?”

“ಯಾರೂ ಹೇಳ್ಲಿಲ್ಲ.”

ಎರಡು ವರ್ಷ. ಅಲ್ಲಿ ಅವನು, ಇಲ್ಲಿ ಅವಳು, ಎದುರಿನವರು ತಮ್ಮನ್ನೇ ಅಪಶಕುನ ಅಂದುಕೊಂಡಿದ್ದಾರೆ ಎಂದು ನಂಬಿ ಸುಮ್ಮನೆ ಕೂತಿದ್ದರು.

“ಅಪ್ಪಂಗೆ ಮೊದಲಿಂದ್ಲೂ ಹಾರ್ಟ್ ತೊಂದರೆ ಇತ್ತು” ಎಂದಳು ನಿಧಾನವಾಗಿ. “ಆಸ್ಪತ್ರೇಲಿ ಮಲಗಿದ್ದಾಗ್ಲೂ ನಿಮ್ಮ ಮಾತೇ. ‘ಆ ಹುಡುಗ ಬಾನೆಟ್ಟು ಮುಚ್ಚಿದ್ದು ನೋಡಿದ್ಯೇನೇ? ಒಂಚೂರೂ ಸದ್ದಾಗ್ಲಿಲ್ಲ. ಹಂಗೇ ನೋಡ್ಕೋತಾನೆ ನಿನ್ನ’ ಅಂದಿದ್ರು.”

ಮಹಾಂತೇಶ್ ಮುಖ ಆ ಕಡೆ ತಿರುಗಿಸಿದ.

ಅವಳ ಕಣ್ಣಲ್ಲಿ ನೀರು ಬರಲಿಲ್ಲ. ಕೈ ಮಾತ್ರ ಅಪ್ಪನ ಸ್ಟೀರಿಂಗನ್ನು ತನ್ನಷ್ಟಕ್ಕೆ ಸವರುತ್ತಿತ್ತು. ಯಾರದೋ ಕೈ ಎಂಬಂತೆ ಅವಳು ಅದನ್ನೇ ನೋಡಿದಳು. ನನಗಿನ್ನೂ ಹೀಗೆಲ್ಲ ಆಗುತ್ತದಾ...

“ಕಾಫಿ ಇನ್ನೊಂದ್ಸಲ ಬಿಸಿ ಮಾಡಲ್ಲ ನಾನು” ಎಂದು ಒಳಗಿನಿಂದ ಹುಲಿಗೆಮ್ಮನ ದನಿ ಬಂತು.

ಇಬ್ಬರೂ ಬಾಗಿಲವರೆಗೆ ಹೋದರು. ಹೊಸಿಲಿನ ಮುಂದೆ ಅವನು ಮತ್ತೆ ನಿಂತ.

“ಅವತ್ತು ಯಾವ ಕಾಲಿಟ್ಟು ಬಂದಿದ್ನೋ...”

“ಯಾವುದಾದ್ರೂ ಇಡ್ರೀ. ಅಮ್ಮ ಕಾಯ್ತಿದಾರೆ.”

“ಅಮ್ಮ ಮಾತ್ರನಾ?”

ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದಳು. “ಇಲ್ಲ” ಎಂದಳು.

ಅವನು ಹೊಸಿಲು ದಾಟಿದ. ಆ ವಾರವೇ ಗಂಡಿನ ಕಡೆಯಿಂದ ಮಾತು ಬಂತು.

ಮೊದಲ ಸಲ ನೋಡಿದಾಗಲೇ ಅವಳು ತನಗೆ ಇಷ್ಟವಾಗಿದ್ದಳು ಎಂದು ಮಾತ್ರ ಮಹಾಂತೇಶ್ ಆಗಲೂ ಹೇಳಲಿಲ್ಲ, ಮುಂದೆಂದೂ ಹೇಳಲಿಲ್ಲ.