ಕನ್ನಡಕದಂಗಡಿಯ ಸೂಪರಣ್ಣ

ಕನ್ನಡಕದಂಗಡಿಯ ಸೇಲ್ಸ್‌ಮನ್‌ಗೆ ಎಲ್ಲರೂ ಸೇರಿ ಇಟ್ಟ ಹೆಸರು ಸೂಪರಣ್ಣ. ಯಾರು ಯಾವ ಫ್ರೇಮ್ ಏರಿಸಿಕೊಂಡು ಕನ್ನಡಿ ಮುಂದೆ ನಿಂತರೂ ಅವನ ಬಾಯಲ್ಲಿ ಒಂದೇ ಮಾತು, “ಸೂಪರ್!” ಚುಟುಕಾಗಿ ಅಂದರೆ ಪರವಾಗಿಲ್ಲ ಅಂತ. ‘ಸೂ’ವನ್ನು ಎಳೆದರೆ ಇನ್ನೂ ದುಬಾರಿಯದನ್ನು ನೋಡಿ ಅಂತ. ಎರಡೆರಡು ಸಲ ಅಂದರೆ, ಮಹಾರಾಯರೇ, ಯಾವುದಾದರೊಂದು ತಗೊಂಡು ಹೊರಡಿ ಅಂತ. ಒಳಕೋಣೆಯಲ್ಲಿ ಕಣ್ಣು ಪರೀಕ್ಷೆ ಮಾಡುವ ಹುಡುಗಿಗೆ ಈ ಮೂರೂ ಅರ್ಥ ಗೋಡೆಯಾಚೆಯಿಂದಲೇ ತಿಳಿಯುತ್ತಿತ್ತು. ಎರಡು ವರ್ಷದಿಂದ ಕೇಳಿ ಕೇಳಿ ಅವಳ ಕಿವಿ ಪಳಗಿತ್ತು.

ಅವಳೊಬ್ಬಳೇ ಅವನನ್ನು ಸೂಪರಣ್ಣ ಅನ್ನುತ್ತಿರಲಿಲ್ಲ. ‘ಸೂಪರ್’ ತನಕ ಸಲೀಸು, ‘ಅಣ್ಣ’ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಮನಸ್ಸು ಕೊಟ್ಟವನನ್ನು ಅಣ್ಣ ಅನ್ನುವುದಾದರೂ ಹೇಗೆ?

ಇವತ್ತು ಅವಳ ಕೊನೆಯ ದಿನ. ಸೋಮವಾರದಿಂದ ಊರಾಚೆಯ ಕಣ್ಣಾಸ್ಪತ್ರೆಯಲ್ಲಿ ಕೆಲಸ. ಅವನ ಮನಸ್ಸಿನಲ್ಲಿ ಏನಾದರೂ ಇದೆಯೋ ಇಲ್ಲವೋ, ಇವತ್ತೇ ತಿಳಿಯಬೇಕಿತ್ತು. ಬಾಯಿಬಿಟ್ಟು ಕೇಳಲು ನಾಚಿಕೆ. ಅದಕ್ಕೇ ತನಗೂ ಒಂದು ಕನ್ನಡಕ ಬೇಕೆಂದು ಅವನೆದುರಿನ ಸ್ಟೂಲ್ ಮೇಲೆ ಹೋಗಿ ಕೂತಳು. ದಪ್ಪನೆಯ ಕೆಂಪು ಫ್ರೇಮ್ ಹಾಕಿಕೊಂಡು ಕತ್ತು ಕೊಂಕಿಸಿದಳು.

“ಹೇಗಿದೆ?”

ಅವನು ನೋಡಿದ. ತಕ್ಷಣ ತಲೆ ತಗ್ಗಿಸಿದ. “ಹೂಂ,” ಅಂದ.

ಹೂಂ! ಬೆಳಗ್ಗೆಯಷ್ಟೇ ಬೊಕ್ಕತಲೆಯ ತಾತನಿಗೆ ನಾಲ್ಕು ಸಲ ಸೂಪರ್ ಅಂದ ಮಹಾನುಭಾವ! ಅವಳಿಗೆ ಅಳು, ಸಿಟ್ಟು ಒಟ್ಟಿಗೇ ಬಂದವು.

“ಅಳತೆ ತಗೊಳ್ಳಿ,” ಅಂದಳು ಬಿಗುವಾಗಿ.

ಎರಡು ಕಣ್ಣಪಾಪೆಗಳ ನಡುವಿನ ಅಂತರ ಅಳೆಯದೆ ಫ್ರೇಮಿಗೆ ಗಾಜು ಕೂರಿಸುವಂತಿಲ್ಲ. ಅದಕ್ಕೆ ಮೂಗಿನ ಮೇಲೆ ಪುಟ್ಟ ಸ್ಕೇಲ್ ಹಿಡಿದು, ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ದಿನಕ್ಕೆ ಮೂವತ್ತು ಜನರಿಗೆ ಅವನು ಚಿಟಿಕೆ ಹೊಡೆಯುವುದರೊಳಗೆ ಮುಗಿಸುವ ಕೆಲಸ. ಈಗ ಬಗ್ಗಿದ. ಅವಳ ಮೂಗಿನ ಮೇಲೆ ಸ್ಕೇಲ್ ಹಿಡಿದ.

“ಅರವತ್ತು... ಅಲ್ಲ, ಅರವತ್ತೈದು.”

“ಇನ್ನೊಂದ್ಸಲ.”

“ಐವತ್ತೇಳು.”

“ಏನ್ರೀ, ನನ್ನ ಕಣ್ಣು ವಾಕಿಂಗ್ ಹೋಗ್ತಿದೆಯಾ?”

“ನೀವು ಹಾಗೆ ನೋಡ್ತಾ ಕೂತ್ರೆ ಅಂಕಿ ಎಲ್ಲಿ ಕಾಣುತ್ತೆ?” ಅವನ ಕಿವಿ ಕೆಂಪಾಗಿತ್ತು.

ಅವಳ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಮಾತಾಗಿ ಬಂತು. “ಊರಿಗೆಲ್ಲ ಸೂಪರ್ ಅಂತೀರಿ. ನನಗೆ ಒಂದು ಸಲಾನೂ ಅಂದಿಲ್ಲ. ಯಾಕೆ?”

“ಅದು ಮಾರೋಕೆ ಹೇಳೋ ಮಾತು. ಅದನ್ನ ನಿಮಗೆ ಹೇಗೆ ಹೇಳ್ಲಿ?” ಅವನು ಸ್ಕೇಲ್ ಕೆಳಗಿಟ್ಟ. “ನಿಜ ಹೇಳ್ಲಾ? ಈ ಫ್ರೇಮ್ ನಿಮಗೆ ಚೂರೂ ಒಪ್ಪಲ್ಲ. ಹುಬ್ಬು ಮುಚ್ಚಿಹೋಗುತ್ತೆ. ನೀವು ನಗೋ ಮುಂಚೆ ಎಡಗಡೆ ಹುಬ್ಬು ಒಂಚೂರು ಮೇಲೇಳುತ್ತೆ. ಎರಡು ವರ್ಷದಿಂದ ನಾನು ಅದನ್ನೇ ಕಾಯ್ತಾ ಕೂತಿದ್ದೀನಿ. ಸೋಮವಾರದಿಂದ ಏನು ಮಾಡ್ಬೇಕೋ ಗೊತ್ತಾಗ್ತಿಲ್ಲ. ನಂಗೆ ನೀವಂದ್ರೆ ತುಂಬಾ ಇಷ್ಟ.”

ಅವಳ ಎದೆ ತುಂಬಿ ಬಂತು. ಎಷ್ಟು ಸಂತೋಷವಾಯಿತೆಂದರೆ ಕೈಗೆ ಕೆಲಸವೇ ತೋಚದೆ ಫ್ರೇಮ್ ತೆಗೆದು, ಮಡಚಿ, ಮತ್ತೆ ಬಿಚ್ಚಿದಳು.

“ಇಷ್ಟು ಹೇಳೋಕೆ ಎರಡು ವರ್ಷನಾ? ನಾನೂ ಅಷ್ಟೇ ದಿನದಿಂದ ಕಾಯ್ತಿದ್ದೀನಲ್ರೀ! ಭಾನುವಾರ ಮನೆಗೆ ಬನ್ನಿ. ಅಪ್ಪ ಅಮ್ಮ ಇರ್ತಾರೆ, ಅಕ್ಕ ಭಾವನೂ ಬರ್ತಾರೆ.”

“ಬಂದು ಏನಂತ ಹೇಳ್ಲಿ?”

“ಈಗ ಹೇಳಿದ್ರಲ್ಲ, ಅದನ್ನೇ. ಅಪ್ಪನಿಗೆ ಕಿವಿ ಸ್ವಲ್ಪ ಮಂದ, ಜೋರಾಗಿ ಹೇಳ್ಬೇಕು.”

ಅವನು ಎದ್ದು ನಿಂತು, ಅಭ್ಯಾಸಕ್ಕಿರಲಿ ಎಂದು ಅಲ್ಲೇ ಒಂದು ಸಲ ಜೋರಾಗಿ ಹೇಳಿ ನೋಡಿದ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.