ಆರನೆಯ ಕಿಟಕಿ

ಬೇಸಿಗೆ ರಜೆ ಮುಗಿಯಲು ಒಂದೇ ವಾರ ಉಳಿದಿತ್ತು. ಭಾನುವಾರ ಬೆಳಗಿನ ಬಿಸಿಲು ಜೆಟ್ಟಿಗೆ ಕಟ್ಟಿದ್ದ ಹಾಯಿದೋಣಿಯ ಮೇಲೆ ಆಗಷ್ಟೇ ಬಿದ್ದಿತ್ತು. ದೋಣಿಯೊಳಗೆ ಜಗಳ ಮಾತ್ರ ಆಗಲೇ ಹತ್ತಿಕೊಂಡಿತ್ತು.

“ಐದು ಕಿಟಕಿ ಸಾಕು ಕಣೇ,” ಎಂದ ಮಾವ. ಬಾಯಲ್ಲಿ ಎರಡು ಸ್ಕ್ರೂ ಕಚ್ಚಿಕೊಂಡಿದ್ದ, ಮಾತು ಅವುಗಳ ಸಂದಿಯಿಂದ ಬರುತ್ತಿತ್ತು. “ಆರನೇದಕ್ಕೆ ಹಲಗೆ ಹೊಡೆದುಬಿಡ್ತೀನಿ. ಒಂದು ಕಿಟಕಿ ಕಡಿಮೆ ಆದ್ರೆ, ಸೋರೋ ತೂತೂ ಒಂದು ಕಡಿಮೆ.”

“ಆಗಲ್ಲ,” ಎಂದಳು ಮೊಂಡಿ.

ಅವಳಿಗೆ ಬೇರೆ ಹೆಸರೂ ಇತ್ತು. ಅದನ್ನು ಸ್ಕೂಲಿನಲ್ಲಿ ಬಿಟ್ಟು ಬೇರೆಲ್ಲೂ ಯಾರೂ ಬಳಸುತ್ತಿರಲಿಲ್ಲ. ಹತ್ತು ವರ್ಷದ ಹುಡುಗಿ. ಅವಳು ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು.

ದೋಣಿ ಮಾವನಿಗಿಂತ ಹಳೆಯದು. ಅದರ ಕೆಳಗಿನ ಪುಟ್ಟ ಕೋಣೆಗೆ ಬದಿಗೆ ಮೂರರಂತೆ ಆರು ಕಿಟಕಿಗಳು, ಒಂದೊಂದೂ ಸ್ಲೇಟಿನಷ್ಟು. ಅವುಗಳ ಪ್ಲಾಸ್ಟಿಕ್ ಗಾಜು ಹಳದಿಗಟ್ಟಿ ಬಿರುಕು ಬಿಟ್ಟಿತ್ತು. ಅಲೆ ಬಡಿದಾಗಲೆಲ್ಲ ಹಾಸಿಗೆ ಒದ್ದೆ. ಮಾವ ಆರನ್ನೂ ಕಿತ್ತುಹಾಕಿ, ಐದು ಹೊಸದು ಕೂರಿಸಿದ್ದ. ಉಳಿದದ್ದು ಮೂಲೆಯ ಮಂಚದ ಮೇಲಿನದು. ಅದು ಅಜ್ಜಿಯ ಮಂಚ.

ಅಜ್ಜಿಗೆ ಮಂಡಿನೋವು. ಗಾಳಿ ಬೀಸುವಾಗ ಏಣಿ ಹತ್ತಿ ಮೇಲೆ ಬರುವುದು ಆಗದು. ಮಲಗಿದ್ದಲ್ಲಿಂದಲೇ ಆ ಕಿಟಕಿಯಲ್ಲಿ ದಡ ನೋಡುವಳು, ಹಕ್ಕಿ ನೋಡುವಳು. “ಅಗೋ, ದೀಪಸ್ತಂಭ ಬಂತು!” ಎಂದು ಎಲ್ಲರಿಗಿಂತ ಮೊದಲು ಕೂಗುವವಳೂ ಅವಳೇ. ಬುಧವಾರ ಮಾವನ ಜೊತೆ ಕೊಲ್ಲಿಯಾಚೆಗಿನ ತನ್ನ ತಂಗಿಯ ಮನೆಗೆ ಹೊರಡುವವಳಿದ್ದಳು. ಮೊಂಡಿಯೂ ಹೊರಟಿದ್ದಳು. ಅವಳ ಬ್ಯಾಗು ಆಗಲೇ ಮಂಚದಡಿ ಸೇರಿತ್ತು.

“ಹೊಡೀಲಿ ಬಿಡು ಮಗಾ,” ಎಂದಳು ಅಜ್ಜಿ. “ನಾನು ನೋಡದ ಸಮುದ್ರವಾ?”

“ನೀನು ಸುಮ್ನಿರು ಅಜ್ಜಿ! ಮಾವ, ಬೇಕಾದ್ರೆ ನಿನ್ನ ಮಂಚದ ಕಿಟಕಿಗೆ ಹಲಗೆ ಹೊಡ್ಕೋ.”

ಮಾವ ಸ್ಕ್ರೂಗಳನ್ನು ಅಂಗೈಗೆ ಉಗುಳಿಕೊಂಡ. “ಆ ಮೂಲೆಗೆ ನನ್ನ ಭುಜವೇ ಹೋಗಲ್ಲ. ಹಲಗೆಗಾದ್ರೆ ಕೈ ಚಾಚಿ ನಾಲ್ಕು ಮೊಳೆ ಹೊಡೆದ್ರೆ ಸಾಕು. ಕಿಟಕಿ ಹೇಗೆ ಹಾಕಲಿ?”

“ನನ್ನ ಭುಜ ಹೋಗುತ್ತೆ. ನಾನು ಹಾಕ್ತೀನಿ.”

“ಓಹೋ! ಹಾಕು. ಆದ್ರೆ ನಾಳೆ ಪೈಪಲ್ಲಿ ನೀರು ಬಿಟ್ಟು ನೋಡ್ತೀನಿ. ಒಂದು ಹನಿ ಒಳಗೆ ಬಂದ್ರೂ ಹಲಗೆ. ಆಮೇಲೆ ಅಂಟು ಹೇಗೆ ಹಾಕ್ಬೇಕು ಅಂದ್ರೆ…”

“ಗೊತ್ತು, ಗೊತ್ತು! ನೋಡಿದೀನಿ!” ಎಂದು ಅವಳು ಮೂಲೆಗೆ ನುಗ್ಗಿಬಿಟ್ಟಳು.

ಹಳೆಯ ಅಂಟನ್ನು ಕೆರೆದಳು. ಬಟ್ಟೆಯಲ್ಲಿ ಒರೆಸಿದಳು. ಟ್ಯೂಬ್ ಹಿಂಡಿ ಸುತ್ತಲೂ ಕಪ್ಪು ಅಂಟು ಬಳಿದಳು. ಅದು ಕೈಗೆ ಮೆತ್ತಿತು, ಕೂದಲಿಗೂ ಮೆತ್ತಿತು. ಒಂದು ಸ್ಕ್ರೂ ಬೆರಳಿಂದ ಜಾರಿ, ತೂತಿನಿಂದ ಆಚೆ ಹಾರಿ, ಬುಳುಕ್ ಎಂದು ನೀರಿಗೆ ಬಿತ್ತು.

“ಏನೇ, ಮೀನಿಗೂ ಕಿಟಕಿ ಹಾಕ್ತಿದೀಯಾ?” ಮೇಲಿನಿಂದ ಮಾವ ಕೇಳಿದ.

ಮೊಂಡಿ ಇನ್ನೊಂದು ಸ್ಕ್ರೂ ಎತ್ತಿಕೊಂಡಳು. ಗಾಜು ಇಟ್ಟು, ಚೌಕಟ್ಟು ಇಟ್ಟು, ಸ್ಕ್ರೂ ತಿರುಗಿಸಲು ಶುರುಮಾಡಿದಳು. “ಹಲಗೆಯಂತೆ, ಹಲಗೆ!” ಒಂದು ಸುತ್ತು. “ಭುಜ ಹೋಗಲ್ವಂತೆ!” ಇನ್ನೊಂದು ಸುತ್ತು. ಸ್ಕ್ರೂಡ್ರೈವರ್ ಅಂಗೈಯಲ್ಲಿ ಗುಳ್ಳೆ ಎಬ್ಬಿಸಿತು. ಅದುಮಿದ ಬಿಸ್ಕತ್ತಿನ ಕ್ರೀಮಿನಂತೆ ಅಂಟು ಸುತ್ತಲೂ ಹೊರಗೆ ಉಕ್ಕಿತು. ಅದನ್ನೆಲ್ಲ ಚೊಕ್ಕಟವಾಗಿ ಒರೆಸಿ, ಹಿಂದೆ ಸರಿದು ನೋಡಿದಳು.

“ಇನ್ನು ಇರುವೆನೂ ನುಗ್ಗಲ್ಲ,” ಎಂದಳು.

ಸೋಮವಾರ ಸಂಜೆ ಮಾವ ಜೆಟ್ಟಿಯ ಮೇಲೆ ನಿಂತು ಪೈಪಿನಿಂದ ನೀರು ಹೊಡೆದ. ಅಜ್ಜಿ ಮಂಚದ ಮೇಲೆ ಕಾಲು ನೀಡಿ ಕುಳಿತಿದ್ದಳು. ಪಕ್ಕದಲ್ಲಿ ಮೊಂಡಿ, ಗಾಜಿಗೆ ಕಣ್ಣು ನೆಟ್ಟು. ಮೊದಲು ಏನೂ ಇಲ್ಲ. ಆಮೇಲೆ ಗಾಜಿನ ಕೆಳಮೂಲೆಯಲ್ಲಿ ಒಂದು ಹನಿ ದಪ್ಪಗಾಗಿ, ಅಜ್ಜಿಯ ಮಂಡಿಯ ಮೇಲೆ ಬಿತ್ತು.

ಅಜ್ಜಿ ಪಟಕ್ಕನೆ ಅದನ್ನು ಕೈಯಿಂದ ಮುಚ್ಚಿದಳು. “ಏನೂ ಇಲ್ಲ ಕಣೋ! ಎಲ್ಲಾ ಒಣಗೇ ಇದೆ!” ಎಂದು ಕೂಗಿದಳು.

ಎರಡನೆಯ ಹನಿ ಆ ಕೈಯ ಮೇಲೆಯೇ ಬಿತ್ತು.

“ಸೋರ್ತಿದೆ ಮಾವ,” ಎಂದಳು ಮೊಂಡಿ.

ಮಾವ ಹಲಗೆ ಹಿಡಿದು ಇಳಿದು ಬರುವಷ್ಟರಲ್ಲಿ ಅವಳು ಕಿಟಕಿಗೆ ಬೆನ್ನು ಕೊಟ್ಟು ಕೂತಿದ್ದಳು. “ಬಿಡಲ್ಲ. ಇನ್ನೊಂದ್ ಸಲ ಹಾಕ್ತೀನಿ.”

“ಮೊದಲು ಬಿಚ್ಚು. ಏನಾಗಿದೆ ಅಂತ ನೋಡು.”

ಬಿಚ್ಚಿದಳು. ಗಾಜಿನ ಅಂಚಿನಲ್ಲಿ ಅಂಟು ಹೆಸರಿಗಷ್ಟೇ ಇತ್ತು.

“ನೋಡಿದ್ಯಾ? ಹಾಗೆ ಬಿಗಿದ್ರೆ ಅಂಟೆಲ್ಲ ಹೊರಗೇ ಬರುತ್ತೆ. ನಡುವೆ ಒಂದು ಪದರ ಉಳೀಬೇಕು. ಮೊದಲು ಸ್ಕ್ರೂ ಸಡಿಲ ಬಿಡ್ಬೇಕು. ಅಂಟು ಗಟ್ಟಿಯಾದ ಮೇಲೆ ಕೊನೇ ಸುತ್ತು.”

“ಮೊದಲೇ ಹೇಳೋಕೇನಾಗಿತ್ತು?”

“ಹೇಳೋಕೆ ಬಂದೆ. ಯಾರೋ ‘ಗೊತ್ತು, ಗೊತ್ತು’ ಅಂದ್ರು.”

ಮೊಂಡಿ ಅಂಚಿನ ಅಂಟನ್ನು ಉಗುರಿನಿಂದ ಕೆರೆದಳು. ಮಾವ ಮಂಚದ ಅಂಚಿಗೆ ಕೂತು ಮೆಲ್ಲಗೆ ಹೇಳಿದ: “ಕೇಳು. ಹಲಗೆ ಹೊಡೆದ್ರೆ ಬುಧವಾರ ಹೊರಟು ಭಾನುವಾರ ವಾಪಸ್. ನೀನೂ ಬರಬಹುದು. ಕಿಟಕಿ ಅಂದ್ರೆ ಅಂಟು ಗಟ್ಟಿಯಾಗೋಕೆ ಬಿಡ್ಬೇಕು, ಹೊರಡೋದು ಶನಿವಾರ. ಸೋಮವಾರ ನಿನ್ನ ಸ್ಕೂಲು. ನಿಮ್ಮಮ್ಮ ಕಳಿಸಲ್ಲ.”

ಮೊಂಡಿ ಮಂಚದಡಿಯ ಬ್ಯಾಗು ನೋಡಿದಳು.

“ನಮ್ಮ ಜೊತೆ ಬಾ ಮಗಾ,” ಎಂದಳು ಅಜ್ಜಿ. “ಹಲಗೆ ಇರಲಿ. ಮೇಲೆ ಏನೇನು ಕಾಣುತ್ತೋ ನೀನೇ ನೋಡಿ ಬಂದು ಹೇಳು. ನನಗಷ್ಟು ಸಾಕು.”

“ಹೇಳಿದ್ರೆ ನೋಡಿದ ಹಾಗಾಗುತ್ತಾ?” ಮೊಂಡಿ ಗದ್ದ ಮೇಲೆತ್ತಿದಳು. “ಕಿಟಕಿ.”

ಮರುದಿನ ಮತ್ತೆ ಎಲ್ಲ ಕೆರೆದು, ಒರೆಸಿ, ದಪ್ಪಗೆ ಅಂಟು ಬಳಿದಳು. ಅಂಟು ಅಂಚಿನಲ್ಲಿ ತುಸುವೇ ಇಣುಕುವಷ್ಟು ಸ್ಕ್ರೂ ತಿರುಗಿಸಿ ನಿಲ್ಲಿಸಿದಳು. ಸ್ಕ್ರೂಗಳು ಅರ್ಧಂಬರ್ಧ ಕೂತು ಅವಳನ್ನೇ ನೋಡುತ್ತಿದ್ದವು. ಕೈ ತುರಿಸಿತು. ಇನ್ನೊಂದೇ ಒಂದು ಸುತ್ತು? ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಅವುಗಳ ಮೇಲೆ ಕುಳಿತುಬಿಟ್ಟಳು.

ಬುಧವಾರ ಮಾವ ಇಣುಕಿದ. “ಸಡಿಲ ಇದೆಯಲ್ಲೇ. ಒಂಚೂರು ಬಿಗಿ ಮಾಡ್ಲಾ?”

“ನಾನೂ ಮಾಡಲ್ಲ. ನೀನೂ ಮುಟ್ಬೇಡ!”

ಮಾವ ಮೀಸೆಯಲ್ಲೇ ನಕ್ಕು ಹೋದ.

ಶುಕ್ರವಾರ ಕೊನೆಯ ಸುತ್ತು ಬಿತ್ತು. ಮಾವ ಪೈಪನ್ನು ಕಿಟಕಿಗೇ ಒತ್ತಿ ಹಿಡಿದು ನೀರು ಬಿಟ್ಟ. ಅಜ್ಜಿ ಗಾಜಿನ ಕೆಳಗೆ ಒಣ ಬಟ್ಟೆ ಹಾಸಿ ಕಾದಳು. ಆಮೇಲೆ ಒಣಗೇ ಉಳಿದ ಆ ಬಟ್ಟೆಯನ್ನು ಬಾಗಿಲಿನಿಂದ ಹೊರಗೆ ಚಾಚಿ ಬಾವುಟದಂತೆ ಬೀಸಿದಳು. ಮಾವ ಹಲಗೆಯನ್ನು ಮೊಂಡಿಯ ಕೈಗಿಟ್ಟ.

“ತಗೋ. ಬ್ಯಾಟ್ ಮಾಡ್ಕೋ.”

ಶನಿವಾರ ದೋಣಿ ಹೊರಡುವಾಗ ಮೊಂಡಿ ಹೆಗಲಿಗೆ ಬ್ಯಾಗು, ಕಂಕುಳಲ್ಲಿ ಹಲಗೆ ಇಟ್ಟುಕೊಂಡು ಜೆಟ್ಟಿಯ ಮೇಲೆ ನಿಂತಿದ್ದಳು. ಆರನೆಯ ಕಿಟಕಿ ಅವಳ ಎದುರಿಗೇ ಹಾದುಹೋಯಿತು. ಕೈ ಬೀಸಿದಳು. ಕಿಟಕಿಯಲ್ಲಿ ಬಿಳೀ ಬಿಸಿಲು ಹೊಳೆಯಿತೇ ಹೊರತು ಮುಖವಿಲ್ಲ, ಕೈಯಿಲ್ಲ. ಮೊಂಡಿಗೆ ಸಿಟ್ಟು ಬಂತು. ಇಷ್ಟೆಲ್ಲ ಮಾಡಿದ್ದಕ್ಕೆ ಒಂದು ಕೈ ಬೀಸಬಾರದೇ?

ಆಗ ನೆನಪಾಯಿತು. ಆ ಮಂಚದ ಮೇಲೆ ಅವಳೂ ಎಷ್ಟೋ ಸಲ ಮಲಗಿದ್ದಳು. ಇಂಥ ಬಿಸಿಲಲ್ಲಿ ಹೊರಗಿನವರಿಗೆ ಒಳಗೇನೂ ಕಾಣದು, ಒಳಗಿನಿಂದ ಮಾತ್ರ ಜೆಟ್ಟಿಯ ಮೇಲಿನ ಹಕ್ಕಿಯ ಉಗುರೂ ಕಾಣುತ್ತದೆ.

ಬ್ಯಾಗು, ಹಲಗೆ ಎರಡನ್ನೂ ಕೆಳಗಿಟ್ಟಳು. ಹಗ್ಗ ಕಟ್ಟುವ ಗಿಡ್ಡ ಕಂಬ ಹತ್ತಿ, ಆದಷ್ಟು ಎತ್ತರಕ್ಕೆ ನೆಟ್ಟಗೆ ನಿಂತಳು. ಕಣ್ಣು ಒರೆಸಿಕೊಳ್ಳಬೇಕೆನಿಸಿತು. ಒರೆಸಿಕೊಳ್ಳಲಿಲ್ಲ. ಒರೆಸಿಕೊಂಡರೆ ಅಜ್ಜಿಗೆ ಅದೂ ಕಾಣುತ್ತಿತ್ತು.

ದೋಣಿ ತಿರುವಿನಲ್ಲಿ ಮರೆಯಾಗುವವರೆಗೂ ಮೊಂಡಿ ಕಂಬದಿಂದ ಇಳಿಯಲಿಲ್ಲ.