ಬಿಸಿಲಿಗಿಟ್ಟ ಹಲಸಿನ ತುಂಡು

"ಅದನ್ನ ಆರಿಸಬ್ಯಾಡ್ರಿ!"

ಗೂಳಪ್ಪ ಬೆಚ್ಚಿ ಕಟ್ಟಿಗೆಯ ತುಂಡಿನಿಂದ ಕೈ ಹಿಂದೆಗೆದ. ಬಡಿಗೇರ ಕರಿಬಸಪ್ಪನ ಮಗಳು ಮಾಲವ್ವ ಸೆರಗು ಸಿಕ್ಕಿಸಿಕೊಂಡು ಎದುರಿಗೇ ನಿಂತಿದ್ದಳು.

ದಾಂಡೇಲಿಯಲ್ಲಿ ಕಾಗದದ ಗಿರಣಿ ಶುರುವಾಗಿ ಕೆಲವೇ ವರ್ಷ. ಧಾರವಾಡದ ಕಡೆಯಿಂದ ದುಡಿಯಲು ಬಂದ ಈ ಹುಡುಗನಿಗೆ ಭಜನೆಯ ಹುಚ್ಚು. ಸ್ವಂತ ಕೈಯಿಂದ ತಂಬೂರಿ ಮಾಡುವ ಹುಚ್ಚು ಇನ್ನೂ ಹೆಚ್ಚು.

"ಯಾಕ್ರಿ? ಬಣ್ಣ ಚಂದ ಐತಲ್ಲ!"

"ಬಣ್ಣ ಹಾಡ್ತೈತೇನ್ರಿ?" ಆಕೆ ಬೆರಳಿನಿಂದ ಬಡಿದು ತೋರಿಸಿದಳು. ದಬ್ ಎಂದಿತು. ಪಕ್ಕದ ಹಲಸಿನ ತುಂಡು ಗುಂಯ್ ಎಂದಿತು. "ಇದನ್ನ ಒಯ್ರಿ. ಆದ್ರ ಇನ್ನೂ ಹಸಿ ಐತಿ. ನೆರಳಾಗ ಇಟ್ಟು ಮುಂದಿನ ಬ್ಯಾಸಗಿತನಕ ಕಾಯ್ರಿ."

ಕಟ್ಟಿಗೆಯ ನೆಪದಲ್ಲಿ ಬರತೊಡಗಿದವನು ಕೊನೆಗೆ ಮಾಲವ್ವನನ್ನೇ ಕೊಡಿರೆಂದು ಅವಳಪ್ಪನನ್ನು ಕೇಳಿದ. ಕರಿಬಸಪ್ಪ ನಕ್ಕ. "ಮೊದಲ ತಂಬೂರಿ ಮಾಡಿ ತೋರಸು. ಕೈಯಾಗ ತಾಳ್ಮಿ ಇದ್ದಾಂವಗ ನನ್ನ ಮಗಳು."

ಆಮೇಲೆ ಗೂಳಪ್ಪ ಬರಲೇ ಇಲ್ಲ.

ಬೇಸಿಗೆ ಬಂತು, ಹೋಯಿತು. 'ಮರೆತನೇ? ಆಟವಾಡಿದನೇ?' ಮಾಲವ್ವ ಬಾಗಿಲು ಕಾದು ಕಾದು ಅತ್ತಳು. ಹಳಿಯಾಳದಿಂದ ಸಂಬಂಧ ಬಂದಾಗ ಹಟಕ್ಕೆ ಬಿದ್ದು ಹೂಂ ಅಂದಳು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ಮದುವೆ ನಿಶ್ಚಯದ ವೀಳ್ಯ ಹಂಚಿದ ಮರುದಿನವೇ ಗೂಳಪ್ಪ ಬಂದ! ಕೈಯಲ್ಲಿ ಅದೇ ಹಲಸಿನ ತುಂಡು. ತುದಿಯಿಂದ ತುದಿಗೆ ಸೀಳಿತ್ತು.

"ಲಗೂನ ಒಣಗಲಿ ಅಂತ ಬಿಸಿಲಿಗೆ ಇಟ್ಟೆ ಮಾಲಾ… ಒಡೀತು. ಯಾವ ಮಾರಿ ಇಟ್ಕೊಂಡು ಬರ್ಲಿ? ತಾಳ್ಮಿ ಇಲ್ಲದಾಂವ ಅಂತ ನಿಮ್ಮಪ್ಪ ಅಂತಿದ್ದ."

"ಅಷ್ಟು ಅವಸರ ಯಾಕಿತ್ರಿ?"

"ನಿನ್ನ ಲಗೂ ಮನೀಗೆ ಕರ್ಕೊಂಡು ಹೋಗಬೇಕಿತ್ತು."

ಮಾಲವ್ವ ಆ ಸೀಳಿನ ಮೇಲೆ ಬೆರಳಾಡಿಸಿದಳು. ಇಷ್ಟು ಪ್ರೀತಿ ಇಟ್ಟುಕೊಂಡು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದನೇ! ಸಿಟ್ಟು, ಕರುಣೆ ಎರಡೂ ಒಟ್ಟಿಗೇ ಉಕ್ಕಿದವು.

"ಒಡದದ್ದನ್ನ ಅವತ್ತ ತಂದು ತೋರಸಿದ್ರ ನಾನ ಇನ್ನೊಂದು ಆರಿಸಿ ಕೊಡ್ತಿದ್ದೆ. ಮತ್ತೊಂದು ಬ್ಯಾಸಗಿ ಕಾಯ್ತಿದ್ದೆ…"

"ಈಗ?"

"ನಿನ್ನೆ ಎಲಿ ಅಡಿಕಿ ಹಂಚ್ಯಾರ. ಅಪ್ಪನ ಮಾತು ಅಷ್ಟ ಅಲ್ಲ, ನಂದೂ ಐತಿ."

ಅವನು ತಲೆ ತಗ್ಗಿಸಿದ. ಮಾಲವ್ವ ಆ ತುಂಡನ್ನು ಮೆಲ್ಲಗೆ ಬಡಿದಳು. ಒಡಕು ದನಿ ಬಂತು.

"ಇನ್ನೊಮ್ಮೆ ಕಟಿಗಿ ಆರಿಸಿದಾಗ ಬಿಸಿಲಿಗೆ ಇಡಬ್ಯಾಡ್ರಿ."

"ಇನ್ನೊಮ್ಮೆ ಆರಿಸೂದಿಲ್ಲ, ಮಾಲಾ."

"ಹಂಗಾರ ಇದನ್ನ ಇಲ್ಲೇ ಬಿಟ್ಟು ಹೋಗ್ರಿ," ಎಂದಳು ಆಕೆ, ಕಣ್ಣೊರೆಸಿಕೊಳ್ಳದೆ. "ನೆರಳಾಗ ಇಡ್ತೇನಿ."